ತೋಳಿನ ಹಿಂಭಾಗ

ಪ್ರೀತಿಯ ಅಪ್ಪನಿಗೆ,

ನಾನಿಲ್ಲಿ ಚೆನ್ನಾಗಿದ್ದೇನೆ. ಬಲಗಾಲು ಮಾತ್ರ ಆಗಾಗ ಮುನಿಸಿಕೊಳ್ಳುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ನೀನು ಹಾಕುತ್ತಿದ್ದ ಇಂಜೆಕ್ಷನ್ನನ್ನು ಈ ಹೊಸ ಮನೆಗೆ ಬಂದ ಮೇಲೆ ನಾನೇ ಚುಚ್ಚಿಕೊಳ್ಳುತ್ತಿದ್ದೇನೆ. ಫ್ರಿಜ್ಜಿನಿಂದ ತೆಗೆದ ಸಿರಿಂಜಿನ ತಣುಪು ಬಿಡಲಿ ಎಂದು ನಿನ್ನ ಹಾಗೇ ಅಂಗೈಯಲ್ಲಿ ಹಿಡಿದು ಕೂರುತ್ತೇನೆ.

ಒಂದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚಬಾರದು ಎಂದು ನರ್ಸ್ ಹೇಳಿದ ದಿನ ನೆನಪಿದೆಯಾ? ನೀನು ನಿನ್ನ ಟೈಲರ್ ಅಂಗಡಿಯ ಖಾಕಿ ಕಾಗದ ಹಾಸಿ, ಅಂಗಿಗೆ ಅಳತೆ ತೆಗೆಯುವಂತೆ ನನ್ನ ಅಳತೆ ತೆಗೆದು, ನನ್ನ ಆಕಾರವನ್ನೇ ಕತ್ತರಿಸಿದೆ. ಚುಚ್ಚಿದ ಕಡೆಯೆಲ್ಲ ಒಂದೊಂದು ಗುಂಡುಸೂಜಿ. ಆದರೆ ಸುತ್ತಲೂ ಒಂದಿಂಚು ಹೊಲಿಗೆಗೆ ಬಿಟ್ಟಿದ್ದೆ. ಅಮ್ಮ ನಕ್ಕು ನಕ್ಕು ಸುಸ್ತಾದಳು. "ಇರ್ಲಿ ಬಿಡೇ, ಮುಂದೆ ದಪ್ಪ ಆದ್ರೆ ಬಿಚ್ಕೋಬಹುದು" ಎಂದೆ ನೀನು.

ಆ ಕಾಗದವನ್ನು ಮಡಿಸದೆ ಸುರುಳಿ ಸುತ್ತಿ ತೆಗೆದಿಡು.

"ಇನ್ಮೇಲೆ ನಾನೇ ಹಾಕ್ಕೋತೀನಿ" ಎಂದಾಗ ನಿನ್ನ ಮುಖ ಸಪ್ಪಗಾಯಿತು. ಅದರ ಹಿಂದಿನ ದಿನ ನಾನು ಅಂಗಡಿ ಬಾಗಿಲಲ್ಲಿ ನಿಂತಿದ್ದೆ ಅಪ್ಪ. ಸೂಜಿಗೆ ದಾರ ಪೋಣಿಸಲು ನೀನು ಆರು ಸಲ ನೋಡಿದೆ. ಆಮೇಲೆ ದಾರ ಕೆಳಗಿಟ್ಟು, ನಡುಗುವ ಕೈಯನ್ನು ಜೇಬಿಗೆ ಹಾಕಿಕೊಂಡೆ.

ತೊಡೆ, ಹೊಟ್ಟೆ ನನಗೆ ಎಟಕುತ್ತವೆ. ತೋಳಿನ ಹಿಂಭಾಗ ಎಟಕುವುದಿಲ್ಲ. ಅಲ್ಲಿ ಗುಂಡುಸೂಜಿ ಬೀಳದೆ ತಿಂಗಳಾಯಿತು. ಭಾನುವಾರ ಆ ಕಾಗದ ತೆಗೆದುಕೊಂಡು ಬಾ. ಕೈ ನಡುಗಿದರೆ ಮಣಿಕಟ್ಟು ನಾನು ಹಿಡಿದುಕೊಳ್ಳುತ್ತೇನೆ, ನೀನು ಚುಚ್ಚು.

ನಿನ್ನ ಒಂದಿಂಚು ಜಾಸ್ತಿಯ ಮಗಳು