ನಮ್ಮ ಬೀದೀಲಿ ಬರಬ್ಯಾಡ

ವಳ್ಳೂರು, ಸೋಮವಾರ

ಲೇ ಹನುಮಂತರಾಜು,

ಕ್ಷೇಮ ಕೇಳಕ್ಕೆ ಬರೀತಿಲ್ಲ. ಸೋಲಾರ್ ಪ್ಲೇಟ್ ತೊಳಿಯೋ ನೀರು ತುಂಬ್ಕೊಂಡು ಬಂದ ನಿನ್ನ ಟ್ಯಾಂಕರ್ ನನ್ನ ಮಗಳು ಶಾಂತಕುಮಾರಿ ಮೇಲೆ ಹತ್ತಿ, ಅವಳು ಸತ್ತು ಮೂರು ತಿಂಗಳಾಯ್ತು. ನೀನು ಬೇಲ್ ಮೇಲೆ ಬಂದು ಮತ್ತೆ ಅದೇ ಗಾಡಿ ಓಡಿಸ್ತಿದೀಯ.

ನನ್ನನ್ನ ಯೇಸು ಹತ್ರ ಎಳ್ಕೊಂಡು ಹೋದವಳು ಅವಳೇ. ನಿನ್ನೆ ಪ್ರಾರ್ಥನೇಲಿ ಪಾಸ್ಟರು, “ಹೊರಕ್ಕಾಗದ ಭಾರಾನ ಚೀಟೀಲಿ ಬರೆದು ಶಿಲುಬೆ ಕೆಳಗಿಡು ಕ್ಯಾತಣ್ಣ, ಕರ್ತನೇ ಹೊತ್ಕೊತಾನೆ” ಅಂದ್ರು. ನಿನ್ನ ಹೆಸರು ಬರೆದಿಟ್ಟೆ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಇವತ್ತು ಬೆಳಿಗ್ಗೆ ನೀನು ನಮ್ಮ ಮನೆ ಮುಂದೇನೇ ಹಾರನ್ ಹೊಡ್ಕೊಂಡು ಹೋದೆ. ನನಗೆ ಗೊತ್ತಾಗೋದ್ರೊಳಗೆ ಮಚ್ಚು ಕೈಲಿತ್ತು. ಪಕ್ಕದ ಮನೆ ಸಣ್ಣಕ್ಕ “ಬ್ಯಾಡ ಕಣಣ್ಣ” ಅಂತ ಕಾಲು ಹಿಡ್ಕೊಳ್ದೆ ಇದ್ದಿದ್ರೆ ನಿನ್ನ ಕಥೆ ಅಲ್ಲೇ ಮುಗೀತಿತ್ತು.

ಕ್ಷಮಿಸಿದೀನಿ ಅಂತ ಸುಳ್ಳು ಬರೆಯಲ್ಲ. ನಿನ್ನನ್ನ ದೇವರ ಕೈಗೆ ಕೊಟ್ಟಿದೀನಿ, ವಾಪಸ್ ಇಸ್ಕೊಳೋ ಹಂಗೆ ಮಾಡ್ಬ್ಯಾಡ. ಇನ್ಮೇಲೆ ಬಲಸಮುದ್ರದ ರಸ್ತೇಲಿ ಸುತ್ಕೊಂಡು ಹೋಗು. ಡೀಸೆಲ್ ಜಾಸ್ತಿಯಾದ್ರೆ ಆಗ್ಲಿ.

ಮಚ್ಚನ್ನ ಮಧ್ಯಾಹ್ನ ಪಾಸ್ಟರ್ ಮನೇಲಿ ಕೊಟ್ಟು ಬಂದೆ. ಹಾರೆ ಇನ್ನೂ ಇಲ್ಲೇ ಐತೆ.

ಶಾಂತಕುಮಾರಿ ಅಪ್ಪ,
ಕ್ಯಾತಣ್ಣ