ಎರಡು ಮೈಲಿ ದಕ್ಷಿಣಕ್ಕೆ

೧೨ ಸೆಪ್ಟೆಂಬರ್ ೧೯೭೯

ಇವತ್ತೂ ಬಸ್ ತಪ್ಪಿತು. ಕಾಪುವಿನಿಂದ ಉಡುಪಿ ತಲುಪುವಾಗ ಫಸ್ಟ್ ಪೀರಿಯಡ್ ಮುಗಿದಿತ್ತು. ಭೂಗೋಳದ ಇಮ್ಯಾನುಯೆಲ್ ಸರ್ ಬೈಯಲಿಲ್ಲ. ಅದೇ ಹೆದರಿಕೆ.

"ನಳಿನಾಕ್ಷಿ, ಪೇಪರ್ ಎಲ್ಲಿಗೆ ಬಂತು?"

ಹನ್ನೊಂದು ಪುಟ ಕೊಟ್ಟೆ. 'ಕಾಪು ಕರಾವಳಿಯ ಮೀನುಗಾರಿಕಾ ನೆಲೆಗಳು.' ಅಕ್ಟೋಬರ್ ಇಪ್ಪತ್ತೇಳಕ್ಕೆ ಕಾರ್ಕಳದಲ್ಲಿ ಆರ್ಥಿಕ ಭೂಗೋಳದ ಪ್ರಬಂಧ ಸ್ಪರ್ಧೆ. ಫೈನಲ್ ಬಿ.ಎ.ಯಿಂದ ನನ್ನ ಹೆಸರೊಂದೇ ಹೋಗಿದೆ. ಗೆದ್ದರೆ ಎಂ.ಎ.ಗೆ ಸ್ಕಾಲರ್‌ಶಿಪ್. ಸೋತರೆ ಬೀಡಿ ಕಟ್ಟುವುದು.

ಸರ್ ಎಲ್ಲ ಮಗುಚಿ ನೋಡಿದರು. "ಇದೆಲ್ಲ ಪುಸ್ತಕದ್ದು. ನಿನ್ನದು ಎಂತ ಉಂಟು ಇದರಲ್ಲಿ? ನಿಮ್ಮದು ದೋಣಿಯವರ ಮನೆ ಅಲ್ವಾ?"

ಹೌದಪ್ಪ ಹೌದು. ದೋಣಿಯವರ ಮನೆ. ಆದರೆ ಹೆಣ್ಣುಮಕ್ಕಳು ದೋಣಿ ಹತ್ತುವುದಿಲ್ಲವಲ್ಲ.

೧೯ ಸೆಪ್ಟೆಂಬರ್

ಬೂಬ ಮಾವ ಜಗಲಿಯಲ್ಲಿ ಬಲೆ ಹೆಣೆಯುತ್ತಾ ನನ್ನ ತಮ್ಮ ಗುಣಪಾಲನಿಗೆ ಕಲ್ಲಿನ ಗುರುತು ಹೇಳಿಕೊಡುತ್ತಿದ್ದರು. ನಮ್ಮಲ್ಲಿ ಅದು ಸೋದರಮಾವನಿಂದ ಸೋದರಳಿಯನಿಗೆ. ಕಡಲ ತಳದಲ್ಲಿ ಒಂದು ಬಂಡೆ, ಅದರ ಸುತ್ತ ದೊಡ್ಡ ಮೀನು. ಎಲ್ಲಿ ಎಂದು ನಮ್ಮ ಮನೆಗೆ ಮಾತ್ರ ಗೊತ್ತು, ದೋಣಿಯಿಂದ ದಡದ ಗುರುತು ನೋಡಿ.

"ಲೈಟ್‌ಹೌಸಿನ ತಲೆ ಕುದುರೆಮುಖದ ಕುತ್ತಿಗೆಗೆ ಬರಬೇಕು. ಬಡಗಿನಲ್ಲಿ ದ್ವೀಪ ಎರಡು ಹೋಗಿ ಒಂದಾಗಬೇಕು. ಹೇಳು."

ಗುಣಪಾಲ ಹೇಳಿದ. ಲೈಟ್‌ಹೌಸನ್ನು ದ್ವೀಪಕ್ಕೆ ಸೇರಿಸಿದ. ಮಾವ ತಲೆಗೊಂದು ಕುಟ್ಟಿದರು. "ನಿನ್ನ ತಲೆಯಲ್ಲಿ ಎಂತ, ಹೊಯಿಗೆಯಾ?" ಒಳಗೆ ಮೀನು ಕೊಯ್ಯುತ್ತಿದ್ದ ನನಗೆ ಒಂದೇ ಸಲಕ್ಕೆ ಬಾಯಿಪಾಠ. ಆಮೇಲೆ ಗುಣಪಾಲ ಒಳಗೆ ಬಂದು, "ಅಕ್ಕ, ಬರೆದುಕೊಡು" ಎಂದು ಗೋಗರೆದ. ಬರೆದುಕೊಟ್ಟೆ. ಅದನ್ನೂ ಸಂಜೆಯೊಳಗೆ ಕಳೆದುಹಾಕಿದ, ಪೆದ್ದ.

೩ ಅಕ್ಟೋಬರ್

ಮ್ಯಾಪ್ ಬರೆದೆ. ಕಲ್ಲನ್ನೂ ಗುರುತಿಸಿದೆ. ಒಂದು ಸಣ್ಣ ಚುಕ್ಕೆ. ಸರ್ ಕುರ್ಚಿಯಿಂದ ಎದ್ದೇ ಬಿಟ್ಟರು. "ಇದು ಯಾವ ಗೆಜೆಟಿಯರಿನಲ್ಲೂ ಇಲ್ಲ ಮಾರಾಯ್ತಿ!"

ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದೆ. ಕಂಡಕ್ಟರ್ ಕೂಡ ನೋಡಿದ.

೯ ಅಕ್ಟೋಬರ್

ನೋಟಿಸ್ ಬಂತು. ಎಲ್ಲರ ಪೇಪರೂ ಸೈಕ್ಲೋಸ್ಟೈಲ್ ಆಗುತ್ತದೆ, ಮ್ಯಾಪ್ ಸಮೇತ. ಬಂದವರಿಗೆಲ್ಲ ಕಾಪಿ. ಮುಖ್ಯ ಅತಿಥಿ ಕುಂಞಾಲಿ ಸಾಹುಕಾರರು — ಮಲ್ಪೆಯವರು, ಮೂರು ಟ್ರಾಲರ್ ಬೋಟಿನ ಧಣಿ.

ನೋಟಿಸನ್ನು ಎರಡು ಸಲ ಓದಿದೆ. ಟ್ರಾಲರ್ ಬಂದ ಮೇಲೆ ದಡದಿಂದ ಎಳೆಯುವ ನಮ್ಮ ರಂಪಣಿ ಬಲೆಗೆ ಮೀನಿಲ್ಲ. ಉಳಿದದ್ದು ಆ ಕಲ್ಲೊಂದೇ. "ಕಲ್ಲು ಹೊರಗೆ ಹೋದರೆ ಮನೆ ಹೋದ ಹಾಗೆ" ಎಂದು ಮಾವ ಎಷ್ಟು ಸಲ ಹೇಳಿಲ್ಲ! ನಾನೇ ಬರೆದು ಕೊಟ್ಟೆನಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಮ್ಯಾಪ್ ತೆಗೆಯುತ್ತೇನೆ ಎಂದೆ. ಸರ್ ನಕ್ಕರು. "ಮ್ಯಾಪ್ ಇಲ್ಲದ ಭೂಗೋಳವಾ? ಗುರುವಾರ ಸ್ಟೆನ್ಸಿಲ್ ಕೊಡು."

ಅನ್ನ ಸೇರುವುದಿಲ್ಲ. ಮಾವ ಕೆಮ್ಮಿದರೂ ಬೆಚ್ಚುತ್ತೇನೆ.

೧೧ ಅಕ್ಟೋಬರ್

ಆಯಿತು. ಕಾಪಿ ತೆಗೆಯುವ ಸ್ಟೆನ್ಸಿಲ್ ನಾನೇ ಕೊರೆದೆ. ಚುಕ್ಕೆಯನ್ನು ಎರಡು ಮೈಲಿ ದಕ್ಷಿಣಕ್ಕೆ ಇಟ್ಟೆ. ಅಲ್ಲಿ ಬರೇ ಮರಳು. ಕದಿಯಲು ಹೋದವರಿಗೆ ಮರಳು ಸಿಗಲಿ.

ಯಾರಿಗೆ ಎಂತ ನಷ್ಟ?

೨೭ ಅಕ್ಟೋಬರ್, ಸಂಜೆ

ಫಸ್ಟ್ ಪ್ರೈಜ್. ಶೀಲ್ಡ್ ಮಂಚದ ಅಡಿಯಲ್ಲಿಟ್ಟಿದ್ದೇನೆ. ನೋಡಲು ಧೈರ್ಯವಿಲ್ಲ.

"ಈ ಜಾಗವನ್ನು ಖಚಿತಪಡಿಸಿಕೊಂಡಿದ್ದೀರಾ?" ಎಂದು ಜಡ್ಜ್ ಕೇಳಿದರು. ಹೌದು ಎಂದೆ.

ಆಮೇಲೆ ಕುಂಞಾಲಿ ಸಾಹುಕಾರರು ಹತ್ತಿರ ಬಂದರು. ಬಿಳಿ ಗಡ್ಡ, ಮೆತ್ತಗಿನ ಮಾತು. "ಒಳ್ಳೆ ಕೆಲಸ ಮಾಡಿದೆ ಮಗಳೇ. ನಮ್ಮ ಬಲೆ ತಿಂಗಳಿಗೊಮ್ಮೆ ಕಲ್ಲಿಗೆ ಸಿಕ್ಕಿ ಹರಿಯುತ್ತದೆ. ಹೋದ ವರ್ಷ ಬೋಟೇ ಮಗುಚುತ್ತಿತ್ತು. ಕಲ್ಲು ಎಲ್ಲಿ ಉಂಟೆಂದು ಗೊತ್ತಾದರೆ ಆ ಕಡೆ ಹೋಗದೆ ಇರಬಹುದಲ್ವಾ?"

ಹೋಗದೆ ಇರಲು! ದೇವರೇ. ಕದಿಯಲು ಅಲ್ಲ, ತಪ್ಪಿಸಿಕೊಳ್ಳಲು. ನನ್ನ ಮ್ಯಾಪಿನಲ್ಲಿ ನಿಜವಾದ ಕಲ್ಲಿನ ಜಾಗ ಖಾಲಿ. ಅಲ್ಲಿ ಮರಳೆಂದು ನಂಬಿ ಬಲೆ ಎಳೆಯುತ್ತಾರೆ.

ಆಗಲೇ ಹೇಳಬೇಕಿತ್ತು. ಪಕ್ಕದಲ್ಲಿ ಸರ್ ನಿಂತಿದ್ದರು, ಮುಖ ಬೆಳಗುತ್ತಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು. ಬಿಡಲಿಲ್ಲ. ಸಾಹುಕಾರರು ತಮ್ಮ ಬೋಟಿನ ಡ್ರೈವರುಗಳಿಗೆಂದು ಮೂರು ಕಾಪಿ ತೆಗೆದುಕೊಂಡರು. "ಮನೆಯಲ್ಲಿ ಹುಡುಗರಿದ್ದರೆ ಕಳಿಸು, ಬೋಟಿನಲ್ಲಿ ಕೆಲಸ ಉಂಟು" ಎಂದರು.

೩೦ ಅಕ್ಟೋಬರ್

ಗುಣಪಾಲ ಸಾಹುಕಾರರ ಬೋಟಿಗೆ ಸೇರಿಯೇ ಬಿಟ್ಟ. ಕೆಲಸದ ಸುದ್ದಿ ಸರ್ ಬಂದು ಅಮ್ಮನಿಗೆ ಹೇಳಿ ಹೋದರು. ಅಮ್ಮನಿಗೆ ಸಂತೋಷ. ಮಾವ ಬಲೆ ಮಡಚಿಟ್ಟರು.

"ಅಕ್ಕ, ನಿನ್ನ ಮ್ಯಾಪ್ ಕ್ಯಾಬಿನ್ನಿನಲ್ಲಿ ಅಂಟಿಸಿದ್ದಾರೆ! ಡ್ರೈವರ್ ನನ್ನನ್ನು ಕೇಳಿದ, ಇದು ಸರಿ ಉಂಟಾ ಅಂತ. ಬರೆದದ್ದು ನನ್ನ ಅಕ್ಕ ಮಾರಾಯಾ ಎಂದೆ."

"ಮಾವ ಹೇಳಿದ ಗುರುತು ನೆನಪುಂಟಾ ನಿನಗೆ?"

"ಇನ್ನು ಅದು ಎಂತಕ್ಕೆ? ಮ್ಯಾಪ್ ಇಲ್ವಾ?"

ಹೇಳಲು ಬಾಯಿ ತೆರೆದೆ. ಶೀಲ್ಡ್ ಹೋಗುತ್ತದೆ, ಸ್ಕಾಲರ್‌ಶಿಪ್ ಹೋಗುತ್ತದೆ, ಮಾವನಿಗೆ ಗೊತ್ತಾಗುತ್ತದೆ. "ಜಾಗ್ರತೆ" ಎಂದೆ, ಅಷ್ಟೇ. ನಾಳೆ ಹೇಳುತ್ತೇನೆ. ಖಂಡಿತ ನಾಳೆ.

೧೧ ನವೆಂಬರ್, ಬೆಳಿಗ್ಗೆ ಆರು

ಹೇಳಲಿಲ್ಲ. ಹನ್ನೆರಡು ದಿನ, ಹೇಳಲಿಲ್ಲ.

ನಿನ್ನೆ ಸಂಜೆ ಬರಬೇಕಾದ ಬೋಟು ಬಂದಿಲ್ಲ. ಆರು ಜನ. ಗುಣಪಾಲನೂ ಇದ್ದಾನೆ. ಈಗ ಮಲ್ಪೆಯಿಂದ ಸೈಕಲ್ಲಿನಲ್ಲಿ ಜನ ಬಂದು ಹೇಳಿ ಹೋದರು. ಅಮ್ಮ ಬಾಗಿಲಲ್ಲೇ ಕುಸಿದು ಕೂತಿದ್ದಾಳೆ. ಮಾವ ಹೊರಟರು. ನಾನೂ ಹೋಗುತ್ತೇನೆ.

೧೧ ನವೆಂಬರ್, ಹತ್ತೂವರೆ, ಮಲ್ಪೆ ದಕ್ಕೆ

ಕಾಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ, ಬರೆಯುತ್ತಿದ್ದೇನೆ.

ನಾವು ಬರುವಾಗ ಬೋಟು ನಿಲ್ಲಿಸುವ ಈ ದಕ್ಕೆಯಲ್ಲಿ ಹದಿನೈದು ಬೋಟಿನವರು ಹುಡುಕಲು ಸೇರಿದ್ದರು. ನಡುವೆ ಕುಂಞಾಲಿ ಸಾಹುಕಾರರು, ಕೈಯಲ್ಲಿ ನನ್ನ ಮ್ಯಾಪ್. "ಕಲ್ಲು ಇಲ್ಲಿ. ಸಿಕ್ಕಿಕೊಂಡರೆ ಇಲ್ಲೇ. ಎಲ್ಲರೂ ಇಲ್ಲಿಗೆ ಹೋಗಿ." ಬೆರಳಿಟ್ಟದ್ದು ನನ್ನ ಸುಳ್ಳು ಚುಕ್ಕೆಯ ಮೇಲೆ.

ಮಾವನ ಕೈ ಹಿಡಿದೆ. "ಮಾವ, ಅದು ನಮ್ಮ ಕಲ್ಲು. ಆದರೆ ಜಾಗ ಸುಳ್ಳು. ನಾನೇ ಎರಡು ಮೈಲಿ ತೆಂಕಿಗೆ ಹಾಕಿದ್ದು."

ನನ್ನನ್ನೇ ನೋಡಿದರು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಕೈ ಬಿಡಿಸಿಕೊಂಡು ಮೀನಿನ ಪೆಟ್ಟಿಗೆಯ ಮೇಲೆ ಹತ್ತಿದರು.

"ಆ ಕಾಗದ ಬಿಡಿ! ಕೇಳಿ! ಲೈಟ್‌ಹೌಸಿನ ತಲೆ ಕುದುರೆಮುಖದ ಕುತ್ತಿಗೆಗೆ ಬರಬೇಕು. ಬಡಗಿನಲ್ಲಿ ದ್ವೀಪ ಎರಡು ಹೋಗಿ ಒಂದಾಗಬೇಕು. ಅಲ್ಲಿ ನೋಡಿ!"

ಯಾರೋ ಹಿಂದಿನಿಂದ, "ಎಂತ ಹೇಳಿದ್ದು?" ಎಂದರು. ಮಾವ ಇನ್ನೊಮ್ಮೆ ಹೇಳಿದರು, ನಿಧಾನವಾಗಿ, ಗುಣಪಾಲನಿಗೆ ಹೇಳಿಕೊಡುವ ಹಾಗೆ. ಮೂರನೇ ಸಲ ಕೈ ಎತ್ತಿ ದಿಕ್ಕು ತೋರಿಸಿ ಹೇಳಿದರು.

ಎಲ್ಲ ಬೋಟೂ ಹೋದವು. ಮಾವ ಹೋಗಲಿಲ್ಲ, ಕಾಲು ಏಳುವುದಿಲ್ಲ ಎಂದರು. ಪೆಟ್ಟಿಗೆಯ ಮೇಲೆ ಕೂತಿದ್ದಾರೆ. ಸಾಹುಕಾರರು ಇಬ್ಬರಿಗೂ ಚಾ ಕಳಿಸಿದರು.

ಒಂದೂಮುಕ್ಕಾಲು

ಬೋಟುಗಳು ಕಾಣುತ್ತಿವೆ. ಮುಂದಿನದು ಏನನ್ನೋ ಹಗ್ಗ ಕಟ್ಟಿ ಎಳೆದು ತರುತ್ತಿದೆ. ಮರದ ಹಲಗೆಯೋ, ಬೋಟೋ, ನನಗೆ ತಿಳಿಯುವುದಿಲ್ಲ. ಮೇಲೆ ಜನ ನಿಂತಿದ್ದಾರೆ. ನಾಲ್ಕು? ಐದು?

ಮಾವ ಎದ್ದು ನಿಂತರು. ಅವರ ಕಣ್ಣು ದೂರ ಕಾಣುತ್ತದೆ. ಗುಣಪಾಲ ಇದ್ದಾನೋ ಇಲ್ಲವೋ ಅವರಿಗೆ ಗೊತ್ತಾಗಿದೆ. ಮುಖ ನೋಡಿದರೆ ನನಗೂ ಗೊತ್ತಾಗುತ್ತದೆ, ಅದಕ್ಕೇ ಈ ಪುಸ್ತಕದಿಂದ ತಲೆ ಎತ್ತುತ್ತಿಲ್ಲ. ನಳಿನಾ, ಎಂದರು. ಇನ್ನೊಮ್ಮೆ ಕರೆಯುತ್ತಿದ್ದಾರೆ. ಈಗ ಎತ್ತಲೇಬೇಕು. ಎತ್ತುತ್ತೇನೆ.