ಏಳನೇ ಸುತ್ತಿನ ಬಾಗಿಲು

ಅಪ್ಪನ ಮನೆ, ಶಿಡ್ಲಘಟ್ಟ
ಗುರುವಾರ, ೨೧ ಆಗಸ್ಟ್ ೨೦೨೫

ನೂಲಸೀಮೆಯ ಸೃಷ್ಟಿಕರ್ತರೂ, ಏಳು ಸುತ್ತಿನ ಕೋಟೆಯ ಒಡೆಯರೂ, ಮಂಚೇನಹಳ್ಳಿ ಹೈಸ್ಕೂಲಿನ ಗಣಿತದ ಮೇಷ್ಟರೂ, ಲಗ್ನಪತ್ರಿಕೆಯ ಪ್ರಕಾರ ಇನ್ನೂ ನನ್ನ ಗಂಡನೂ ಆದ ಸುನೀಲ್‌ಕುಮಾರ್ ಅವರಿಗೆ,

ಶಿರೀಷಾಳ ನಮಸ್ಕಾರ. ನಾನಿಲ್ಲಿ ಕ್ಷೇಮ. ನಿಮ್ಮ ಕ್ಷೇಮ ಕೇಳುವುದಿಲ್ಲ, ಅಂಬರೀಶ್ ಕೇಳದೆಯೇ ಎಲ್ಲ ಹೇಳಿದ್ದಾನೆ.

ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡಿ. ಫೋನಿನಲ್ಲಿ ನೀವು ‘ಹ್ಞೂ, ಹೇಳು’ ಎನ್ನುತ್ತೀರಿ, ಆ ಕಡೆ ಬಣ್ಣದ ಕುಂಚ ನೀರಿನ ಲೋಟಕ್ಕೆ ತಾಗಿ ಟಣ್ ಟಣ್ ಎನ್ನುವುದು ನನಗೆ ಕೇಳಿಸುತ್ತದೆ. ಕಾಗದ ಹಿಡಿಯಲಾದರೂ ನಿಮ್ಮ ಕೈ ಬಿಡುವಾಗಬೇಕಲ್ಲ.

ಕಳೆದ ಭಾನುವಾರ ನಿಮ್ಮ ಆಟದ ಜೊತೆಗಾರರು, ಜೆರಾಕ್ಸ್ ಅಂಗಡಿಯ ಅಂಬರೀಶ್ ಮತ್ತು ಬ್ಯಾಂಕಿನ ಮುರಳಿಮೋಹನ್, ಗೌರಿಬಿದನೂರಿನಿಂದ ಒಂದೇ ಬೈಕಿನಲ್ಲಿ ಬಂದಿಳಿದರು. ಬೈಕಿನ ಸದ್ದಿಗೆ ನಾನು ಕೂದಲು ಸರಿಮಾಡಿಕೊಂಡು ಹೊರಗೆ ಬಂದೆ. ದಂಡವಾಯಿತು. ಸಂಧಾನಕ್ಕೆ ಬಂದಿದ್ದೇವೆ ಎಂದರು. ಹೌದು, ಸಂಧಾನಕ್ಕೇ, ಆದರೆ ನಮ್ಮಿಬ್ಬರ ಸಂಸಾರದ ಸಂಧಾನಕ್ಕಲ್ಲ. ಆಟದಲ್ಲಿ ರಾಣಿ ನೂಲಾಂಬೆ ಏಳನೇ ಸುತ್ತಿನ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿಕೊಂಡಿದ್ದಾಳಂತೆ, ಇವರ ಪಾತ್ರಗಳು ಹತ್ತು ವಾರದಿಂದ ಹೊರಗೇ ನಿಂತಿವೆಯಂತೆ. ‘ಅಕ್ಕ, ಒಂದ್ಸಲ ಬಂದು ಬಾಗಿಲು ತೆಗೀರಿ, ನಿಂತೂ ನಿಂತೂ ಕಾಲು ಬಿದ್ದೋಯ್ತು’ ಎಂದ ಅಂಬರೀಶ್. ಮೇಜಿನ ಮೇಲಿನ ಕೋಟೆಯ ಮುಂದೆ ಕುರ್ಚಿಯಲ್ಲಿ ಕೂತವನಿಗೆ ಕಾಲು ನೋವು!

ಅಪ್ಪ ಗಾಬರಿಯಾಗಿ ಯಾರ ಮನೆ ಬಾಗಿಲು ಎಂದು ಕೇಳಿದರು. ವಿವರಿಸುವ ಕರ್ಮ ನನ್ನದಾಯಿತು. ಒಬ್ಬರು ಒಂದು ಲೋಕವನ್ನೇ ಕಲ್ಪಿಸಿ ಕಥೆ ನಡೆಸುತ್ತಾರೆ, ಅದು ನಿಮ್ಮ ಅಳಿಯ. ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ರಾಣಿ ನಾನು. ಪಾತ್ರಕ್ಕೊಂದು ಬೆರಳುದ್ದದ ಬೊಂಬೆ. ಕಷ್ಟದ ಕೆಲಸ ಕೈಗೂಡುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ‘ಅಂದ್ರೆ ವೇಷ ಕಟ್ದೆ ಆಡೋ ನಾಟಕ ಅನ್ನಮ್ಮ’ ಎಂದರು ಅಪ್ಪ. ಎರಡು ವರ್ಷ ಆಡಿದ ನನಗೂ ಇಷ್ಟು ಸಲೀಸಾಗಿ ಹೇಳಲು ಬಂದಿರಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ನಾನು ಮನೆ ಬಿಟ್ಟು ಬಂದ ಕಾರಣವನ್ನು ಅಪ್ಪನಿಗೆ ಹೇಳಿರಲಿಲ್ಲ. ಚಿಕ್ಕಬಳ್ಳಾಪುರದ ಲ್ಯಾಬಿನ ಕೆಲಸಕ್ಕೆ ಇಲ್ಲಿಂದ ಹೋಗಿಬರುವುದು ಸುಲಭ ಎಂದಷ್ಟೇ ಹೇಳಿದ್ದೆ. ಆ ಪುಣ್ಯಾತ್ಮ ಮುರಳಿಮೋಹನ್ ‘ನೋಡಿ ಅಂಕಲ್, ನಮ್ ಕೋಟೆ’ ಎಂದು ಫೋನ್ ತೆಗೆದು ಅಪ್ಪನ ಕೈಗೇ ಕೊಟ್ಟ. ನಾನು ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಅಪ್ಪ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಿದ್ದರು. ತಾವು ಸೀಳಿದ ಬಿದಿರನ್ನು ಅವರು ಗುರುತಿಸದೆ ಇರುತ್ತಾರೆಯೇ?

ನಿಮಗೆ ಮರೆತಿರುವುದರಿಂದ ಮತ್ತೆ ಬರೆಯುತ್ತೇನೆ. ಅಪ್ಪ ಮೂವತ್ತು ವರ್ಷ ರೇಷ್ಮೆ ಬೆಳೆದವರು. ಹಣ್ಣಾದ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಯಾರಿಂದಲೂ ಕೊಳ್ಳದೆ ತಾವೇ ಹೆಣೆದುಕೊಂಡವರು. ನನ್ನ ಮದುವೆಗೆಂದು ಮೊರದಷ್ಟಗಲದ ಒಂದು ಪುಟ್ಟ ಚಂದ್ರಿಕೆ ಹೆಣೆದರು, ಸುತ್ತಿನೊಳಗೆ ಸುತ್ತು, ಒಟ್ಟು ಏಳು ಸುತ್ತು. ಮಾರನೆಯ ವರ್ಷ ಲಕ್ವ ಹೊಡೆದು ಅವರ ಬಲಗೈ ಸ್ವಾಧೀನ ತಪ್ಪಿತು. ಅವರು ಹೆಣೆದ ಕೊನೆಯ ಚಂದ್ರಿಕೆ ನಮ್ಮ ಹಜಾರದ ಗೋಡೆಯ ಮೇಲಿದ್ದದ್ದು.

ಜೂನ್ ತಿಂಗಳ ಆ ಸಂಜೆ ಕೆಲಸದಿಂದ ಬಂದು ನೋಡಿದರೆ ಅದು ಐದು ತುಂಡಾಗಿ ನ್ಯೂಸ್‌ಪೇಪರಿನ ಮೇಲೆ ಬಿದ್ದಿತ್ತು, ಪಕ್ಕದಲ್ಲಿ ಗೋಂದಿನ ಡಬ್ಬಿ. ನಿಮ್ಮ ಮುಖದಲ್ಲಿ ಹಬ್ಬ. ಕೋಟೆಗೋಡೆಗೆ ಇದಕ್ಕಿಂತ ಒಳ್ಳೆಯ ಸಾಮಾನು ಸಿಕ್ಕುವುದಿಲ್ಲ, ಗೋಡೆ ಮೇಲೆ ಸುಮ್ಮನೆ ನೇತಾಡುತ್ತಿತ್ತಲ್ಲ ಎಂದಿರಿ. ಅದನ್ನೂ ನುಂಗಿಕೊಳ್ಳುತ್ತಿದ್ದೆ. ಆಮೇಲೆ ಹೇಳಿದಿರಿ: ‘ಮಾವ ಇನ್ನೊಂದು ಹೆಣ್ಕೊಡ್ತಾರೆ ಬಿಡು.’

ನೂಲಸೀಮೆಯ ನಾಲ್ಕನೆಯ ದೊರೆಯ ಸೇನಾಪತಿಗೆ ಯಾವ ಕಾಲು ಕುಂಟು ಎಂದು ಕೇಳಿದರೆ ನಿದ್ದೆಯಲ್ಲೂ ಹೇಳುತ್ತೀರಿ. ಇಲ್ಲದ ಊರಿನ ಸಂತೆ ಯಾವ ವಾರ, ಇಲ್ಲದ ನದಿಗೆ ಪ್ರವಾಹ ಯಾವ ತಿಂಗಳು, ಎಲ್ಲ ಬಾಯಿಪಾಠ. ಇರುವ ಮಾವನ ಯಾವ ಕೈ ಏಳುವುದಿಲ್ಲ ಎಂಬುದು ಮಾತ್ರ ನೆನಪಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುತ್ತಾರೆ. ನಿಮ್ಮ ಉಪಕಾರವೋ, ಭೂಮಿಯ ಮೇಲೆ ಇಲ್ಲದ ಊರಿಗೆ.

ಇರಲಿ, ಅಪ್ಪನ ವಿಷಯಕ್ಕೆ ಬರುತ್ತೇನೆ. ಅವರು ಚಿತ್ರವನ್ನು ಮೂಲೆ ಮೂಲೆಗೂ ಸರಿಸಿ ನೋಡಿದರು. ಕೊನೆಗೆ ಕನ್ನಡಕ ತೆಗೆದು, ‘ಇದಕ್ಕೇನಮ್ಮ ನೀನು ಬಂದು ಕೂತಿರೋದು?’ ಎಂದು ಮೆಲ್ಲಗೆ ಕೇಳಿದರು. ನಾನು ಅತ್ತುಬಿಟ್ಟೆ. ಆ ಇಬ್ಬರ ಮುಂದೆ ಅತ್ತೆನಲ್ಲ ಎಂಬ ಸಿಟ್ಟು ಇನ್ನೂ ಇದೆ. ಅಪ್ಪ ನನ್ನ ಪರವಾಗಿ ನಿಮಗೆ ನಾಲ್ಕು ಮಾತು ಬೈದಾರು ಎಂದು ಕಾದೆ. ಅವರು ಮತ್ತೆ ಕನ್ನಡಕ ಏರಿಸಿ ಹೇಳಿದ್ದೇನು ಗೊತ್ತೇ? ‘ಮೂರನೇ ಸುತ್ತು ಸಡ್ಲ ಬಿಟ್ಟವ್ನೆ. ಒಳಗಿಂದ ಬಿಗೀತಾ ಬರ್ಬೇಕು, ಹೊರಗಿಂದ ಅಂಟಿಸೋದಲ್ಲ.’ ಆಮೇಲೆ ಆ ಇಬ್ಬರ ಕಡೆ ತಿರುಗಿ, ‘ಇಷ್ಟು ದೊಡ್ಡ ಕೋಟೆಗೆ ಒಂದು ಕೆರೆ ಇಲ್ವಲ್ರಪ್ಪ. ಬಾಗ್ಲು ಹಾಕ್ಕೊಂಡು ಕೂತಿರೋ ರಾಣಿ ನೀರಿಗೇನ್ ಮಾಡ್ತಾಳೆ?’ ಎಂದರು. ಅಂಬರೀಶ್ ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡ. ನನ್ನ ಹಣೆಬರಹ ನೋಡಿ!

ಸೋಮವಾರದಿಂದ ಅಪ್ಪ ಎಡಗೈಯಲ್ಲಿ ಬಿದಿರು ಸೀಳುತ್ತಿದ್ದಾರೆ. ಬಲಗೈಯನ್ನು ತೂಕಕ್ಕಿಟ್ಟ ಕಲ್ಲಿನಂತೆ ಅದರ ಮೇಲೆ ಇಟ್ಟುಕೊಳ್ಳುತ್ತಾರೆ. ಮೂರು ದಿನಕ್ಕೆ ಎರಡು ಸುತ್ತಾಗಿದೆ, ಎರಡೂ ಸೊಟ್ಟ. ಡಾಕ್ಟರು ಹೇಳಿಕೊಟ್ಟ ವ್ಯಾಯಾಮವನ್ನು ಎರಡು ವರ್ಷ ಬೇಡಿಕೊಂಡರೂ ಮಾಡದ ಮನುಷ್ಯ, ಊಟಕ್ಕೆ ಕರೆದರೆ ಐದನೇ ಸುತ್ತಿನಲ್ಲಿ ಯಾರು ವಾಸ ಎಂದು ನನ್ನನ್ನೇ ಕೇಳುತ್ತಾರೆ. ನೀವು ನೆನಪಿಲ್ಲದೆ ಆಡಿದ ಮಾತು ನಿಜವಾಗುತ್ತಿದೆಯಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯುತ್ತದೆ. ಸಂತೋಷವೂ ಆಗುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನನ್ನ ತಲೆ ಚಿಟ್ಟು ಹಿಡಿದಿದೆ.

ಈಗ ದಾಳದ ವಿಷಯ. ಆಟದಲ್ಲಿ ರಾಜ ಬಾಗಿಲ ಮುಂದೆ ಕೂತು ತಪ್ಪಾಯಿತು ಎನ್ನುತ್ತಾನಂತೆ, ಪ್ರತಿ ಭಾನುವಾರ ನೀವು ಅವನ ಪರವಾಗಿ ದಾಳ ಎಸೆಯುತ್ತೀರಂತೆ. ಹತ್ತೊಂಬತ್ತೋ ಇಪ್ಪತ್ತೋ ಬಿದ್ದರೆ ಮಾತ್ರ ರಾಣಿಗೆ ಕೇಳಿಸುತ್ತದಂತೆ. ಹತ್ತು ವಾರವೂ ಬೀಳಲಿಲ್ಲವಂತೆ. ಆ ಸಂಖ್ಯೆ ಗೊತ್ತು ಮಾಡಿದವರು ಯಾರು ಎಂದು ಕೇಳಿದೆ. ‘ಸುನೀಲಣ್ಣನೇ. ನಾವು ಹನ್ನೆರಡು ಸಾಕು ಅಂದ್ವಿ, ಮಾಡಿರೋ ತಪ್ಪು ಅಷ್ಟು ಚಿಕ್ಕದಲ್ಲ ಕಣೋ ಅಂದ್ರು’ ಎಂದ ಮುರಳಿಮೋಹನ್. ಕಳ್ಳರ ಬೊಂಬೆ ಸಾಲದೆ ಬಂದಾಗ ಬಾಟಲಿ ಮುಚ್ಚಳ ಇಟ್ಟು ಆಡಿಸುವ ನೀವು, ಬೊಂಬೆಯಿಲ್ಲದ ರಾಣಿಯ ಜಾಗಕ್ಕೆ ಮುಚ್ಚಳ ಇಡಲು ಒಪ್ಪಲಿಲ್ಲ ಎಂದೂ ಇಬ್ಬರೂ ಹೇಳಿದರು.

ಅಲ್ಲ ರೀ, ಇಷ್ಟು ಗೊತ್ತಿರುವ ಮನುಷ್ಯನಿಗೆ ಬಾಯಿ ಬಿಟ್ಟು ಹೇಳಲು ಏನು ಕಷ್ಟ? ನನ್ನ ಫೋನ್ ನಂಬರಿಗೆ ಇಪ್ಪತ್ತು ಮುಖವಿಲ್ಲ. ದಾಳ ನ್ಯಾಯವಾಗಿರಬೇಕು ನಿಜ, ಆದರೆ ಹೆಂಡತಿಯ ಮುಂದೆ ತಲೆ ತಗ್ಗಿಸಲು ದಾಳದ ಅಪ್ಪಣೆ ಯಾಕೆ ಬೇಕು?

ಆದ್ದರಿಂದ ಕೇಳಿ. ಗೌರಿ ಹಬ್ಬ ಕಳೆದ ಮೇಲಿನ ಭಾನುವಾರ, ಮೂವತ್ತೊಂದರಂದು, ನೀವೊಬ್ಬರೇ ಬರಬೇಕು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ. ದಾಳ ತರಬಾರದು. ಮೊದಲು ಅಪ್ಪನ ಹತ್ತಿರ, ಆಮೇಲೆ ನನ್ನ ಹತ್ತಿರ, ತಪ್ಪಾಯಿತು ಎಂದು ಬಾಯಲ್ಲಿ ಹೇಳಬೇಕು. ರಾಜನ ಮಾತಿನಲ್ಲಿ ಬೇಡ, ನಿಮ್ಮ ಮಾತಿನಲ್ಲಿ. ಆಮೇಲೆ ಅಪ್ಪನ ಬಲಗಡೆ ಕೂತು, ಅವರು ಎಡಗೈಯಲ್ಲಿ ಬಿಗಿಯುವಾಗ ಬಿದಿರಿನ ಪಟ್ಟಿಯನ್ನು ಅಲುಗಾಡದಂತೆ ಹಿಡಿದುಕೊಳ್ಳಬೇಕು. ಈಗ ನಾನು ಹಿಡಿಯುತ್ತಿದ್ದೇನೆ, ಅವರಿಗೆ ಸಮಾಧಾನವಿಲ್ಲ. ಇನ್ನೂ ಐದು ಸುತ್ತಿದೆ. ಇದನ್ನು ಕತ್ತರಿಸುವ ಮಾತು ಎತ್ತಿದರೆ ನಾನು ಸುಮ್ಮನಿರುವುದಿಲ್ಲ. ಇದು ಗೋಡೆಗೆ.

ರಾಣಿಯ ಬೊಂಬೆ ನಾನು ಮನೆ ಬಿಟ್ಟ ಗಡಿಬಿಡಿಯಲ್ಲಿ ಬಟ್ಟೆಯ ಜೊತೆ ಕೈತಪ್ಪಿ ಬಂದಿತ್ತು ಎಂದು ಮೊದಲೇ ಮೆಸೇಜ್ ಹಾಕಿದ್ದೆನಲ್ಲ. ಜೋಪಾನವಾಗಿದೆ. ನೀವು ಬಳಿದಿದ್ದ ನೀಲಿ ಸೀರೆ ಅವಳಿಗೆ ಒಪ್ಪುತ್ತಿರಲಿಲ್ಲ, ಹಸಿರು ಬಳಿದಿದ್ದೇನೆ. ಕೆರೆ ಎಲ್ಲಿ ಬರಬೇಕು ಎಂಬುದನ್ನು ಅಪ್ಪ ನಿಮಗೇ ಹೇಳುತ್ತಾರಂತೆ.

ಅಗುಳಿಯ ಒಳಗಿನಿಂದ,
ಶಿರೀಷಾ

ತಾ.ಕ.: ರಾಣಿ ಕೈತಪ್ಪಿ ಬಂದಿರಲಿಲ್ಲ. ಆ ಐದು ತುಂಡುಗಳ ಪಕ್ಕದಿಂದ ನಾನೇ ಎತ್ತಿ ರವಿಕೆಯಲ್ಲಿ ಸುತ್ತಿಕೊಂಡು ಬಂದೆ. ನಾನಿಲ್ಲದೆ ನಿಮ್ಮ ಆಟ ನಡೆಯುತ್ತದೋ ಇಲ್ಲವೋ ನನಗೆ ತಿಳಿಯಬೇಕಿತ್ತು. ನಡೆಯಲಿಲ್ಲ ಎಂದು ಕೇಳಿದ ದಿನ ಎರಡು ಮುದ್ದೆ ಉಂಡೆ.